ರಸ ಹೀರುವ ಹುಳುಗಳ ಬೆನ್ನು ಹತ್ತಿದ ಕೋಲ್ಮನ್ ಸಾಹೇಬರು

ಜನವರಿ ಮುಗಿಯುವ ಹೊತ್ತಿಗೆ ನಮ್ಮ ರಾಯಲ್ಪಾಡು ಸುತ್ತಮುತ್ತಲಿನ ಮಾವಿನ ತೋಪುಗಳೆಲ್ಲ ಹೂವಿನಿಂದ ತುಂಬಿಕೊಳ್ಳುತ್ತವೆ. ಶ್ರೀನಿವಾಸಪುರದ ಕಡೆಯಿಂದ ಬರುವ ಗೆಳೆಯರು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳವಾಡುವ ದಿನಗಳು ಅವು. ಆದರೆ ತೋಪಿನ ಒಳಗೆ ಹೋದವರಿಗೆ ಗೊತ್ತು, ಹೊರಗಿನಿಂದ ಕಂಡಷ್ಟು ಚೆಂದ ಒಳಗಿರುವುದಿಲ್ಲ. ಒಂದು ಕೊಂಬೆಯನ್ನು ಅಲುಗಾಡಿಸಿದರೆ ಸಾಕು, ಗೋಧಿಕಾಳಿಗಿಂತ ಚಿಕ್ಕದಾದ ಬೂದು ಬಣ್ಣದ ಹುಳುಗಳು ಪಟಪಟನೆ ಹಾರಿ ಮುಖಕ್ಕೆ ಬಡಿಯುತ್ತವೆ. ಅಂಗಿಗೆಲ್ಲ ಅಂಟು. ಕೆಳಗಿನ ಎಲೆಗಳು ಎಣ್ಣೆ ಸವರಿದಂತೆ ಹೊಳೆಯುತ್ತವೆ, ಹದಿನೈದು ದಿನ ಬಿಟ್ಟು ನೋಡಿದರೆ ಅದೇ ಎಲೆಗಳ ಮೇಲೆ ಕಾಡಿಗೆ ಬಳಿದಂತೆ ಕಪ್ಪು. ನಮ್ಮಲ್ಲಿ ಹಲವರಿಗೆ ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಕಾಲೇಜಿನಲ್ಲಿ ಕನ್ನಡ. ಆದರೆ ಈ ಅಂಟಿಗೆ ಮಾತ್ರ ಎಲ್ಲರೂ ತೆಲುಗಿನ ಹೆಸರನ್ನೇ ಇಟ್ಟುಕೊಂಡಿದ್ದೇವೆ: ತೇನೆಮಂಚು. ಅಂದರೆ ಜೇನಿನ ಇಬ್ಬನಿ. ಹೆಸರು ಎಷ್ಟು ಸಿಹಿಯೋ ಕೆಲಸ ಅಷ್ಟೇ ಕಹಿ.

ನಮ್ಮ ಅಬ್ಬಾ ತೋಪುಗಳನ್ನು ಗುತ್ತಿಗೆ ಹಿಡಿಯುತ್ತಾರೆ. ಹೂವು ನೋಡಿ ಬೆಲೆ ಕಟ್ಟಿ, ತೋಟದವರಿಗೆ ಮುಂಗಡ ಕೊಟ್ಟು, ಆಮೇಲೆ ದೇವರ ಮೇಲೆ ಭಾರ ಹಾಕಿ ಕಾಯಿಗಾಗಿ ಕಾಯುವುದು ಅವರ ಕಸುಬು. ನಾನು ಹತ್ತನೇ ತರಗತಿಯಲ್ಲಿದ್ದ ವರ್ಷ ಒಂದು ತೋತಾಪುರಿ ತೋಪಿಗೆ ಮೂರು ಸಲ ಔಷಧಿ ಹೊಡೆಸಿದರೂ ಹೂವು ಕರಗಿಹೋಯಿತು. ಅಂಗಡಿಯವರು ಕೊಟ್ಟದ್ದು ಎಲೆ ತಿನ್ನುವ ಹುಳಕ್ಕೆ ಹೊಡೆಯುವ ಪುಡಿ ಎಂದು ನಮಗೆ ತಿಳಿದದ್ದು ದುಡ್ಡು ಹೋದ ಮೇಲೆ. ಕಳೆದ ವರ್ಷ ಕಾಲೇಜಿನ ಪ್ರಯೋಗಾಲಯಕ್ಕೆ ನಾಲ್ಕೈದು ಹುಳು ಹಿಡಿದು ತಂದಾಗ, ನಮ್ಮ ಜೀವಶಾಸ್ತ್ರದ ಮೇಡಂ ಅದನ್ನು ಮಸೂರದ ಕೆಳಗೆ ಮಗುಚಿ ಹಾಕಿ ಬಾಯಿಯನ್ನು ತೋರಿಸಿದರು. ಹಲ್ಲಿಲ್ಲ, ದವಡೆಯಿಲ್ಲ. ಎದೆಯ ಕೆಳಗೆ ಮಡಚಿಟ್ಟ ಒಂದು ಸೂಜಿ. ಎಲೆಯ ಮೇಲೆ ನಾವು ಬಳಿದ ವಿಷವನ್ನು ಅದು ಮುಟ್ಟುವುದೇ ಇಲ್ಲ, ಸೂಜಿಯನ್ನು ಒಳಗೆ ಚುಚ್ಚಿ ರಸ ಕುಡಿಯುತ್ತದೆ. ಆ ದಿನವೇ ಮೇಡಂ ಬಾಯಿಯಿಂದ ಲೆಸ್ಲಿ ಕೋಲ್ಮನ್ ಎಂಬ ಹೆಸರನ್ನು ಮೊದಲು ಕೇಳಿದೆ. ಮಂಡ್ಯದ ಕಡೆಯವರಿಗೆ ಸಕ್ಕರೆ ಕಾರ್ಖಾನೆಯ ಕಾರಣಕ್ಕೆ, ಮಲೆನಾಡಿನವರಿಗೆ ಅಡಿಕೆಯ ಕಾರಣಕ್ಕೆ ಗೊತ್ತಿರುವ ಈ ಹೆಸರು ನಮ್ಮ ಕಡೆ ಅಷ್ಟಾಗಿ ಕೇಳಿಬರುವುದಿಲ್ಲ. ಈ ಬಾರಿಯ ಸಂಚಿಕೆಗೆ ಅವರ ಜೀವನವನ್ನು ಬರೆಯಬೇಕೆನಿಸಿತು.

ಮೊದಲು ಹುಳುವಿನ ವಂಶದ ಬಗ್ಗೆ ಎರಡು ಮಾತು. ಬೇಸಿಗೆಯ ಮಧ್ಯಾಹ್ನ ಹುಣಸೆ ಮರದಲ್ಲಿ ಕೂತು ಕಿವಿ ಕಿವುಡಾಗುವಂತೆ ಕಿರ್‍ರೆನ್ನುವ ಜೀರುಂಡೆಯನ್ನು ಕೇಳದವರು ಯಾರಿದ್ದಾರೆ? ಪಠ್ಯಪುಸ್ತಕಗಳಲ್ಲಿ ದುಂಬಿಗೂ ಜೀರುಂಡೆ ಎನ್ನುತ್ತಾರೆ, ನಾನು ಹೇಳುತ್ತಿರುವುದು ಮರದ ಹಾಡುಗಾರನನ್ನು, ಸಿಕಾಡ ಎನ್ನುತ್ತಾರಲ್ಲ ಅದನ್ನು. ಹಾಡುವುದು ಗಂಡು ಮಾತ್ರ. ಹೊಟ್ಟೆಯ ಎರಡು ಪಕ್ಕದಲ್ಲಿರುವ ತಮಟೆಯಂಥ ಪೊರೆಗಳನ್ನು ಸ್ನಾಯುಗಳಿಂದ ಎಳೆದು ಬಿಟ್ಟು ಆ ಸದ್ದು ಮಾಡುತ್ತದೆ. ಅದರ ಮರಿಗಳು ವರ್ಷಗಟ್ಟಲೆ ಮಣ್ಣಿನೊಳಗೆ ಬೇರಿನ ರಸ ಕುಡಿದು ಬದುಕುತ್ತವೆ. ಮಾವಿನ ಜಿಗಿಹುಳು ಈ ಜೀರುಂಡೆಯ ಹತ್ತಿರದ ನೆಂಟ. ಭತ್ತದ ಕಂದು ಜಿಗಿಹುಳು, ಟೊಮೆಟೊ ತೋಟದ ಬಿಳಿನೊಣ, ಅವರೆಗಿಡದ ಹೇನು, ಸೀಬೆ ಗಿಡದ ಹಿಟ್ಟು ತಿಗಣೆ, ಅರಗು ಕೊಡುವ ಹುಳು, ಎಲ್ಲವೂ ಹೆಮಿಪ್ಟೆರಾ ಎಂಬ ಒಂದೇ ದೊಡ್ಡ ಮನೆತನದವು. ಎಲ್ಲವಕ್ಕೂ ಅದೇ ಸೂಜಿಬಾಯಿ. ನಾವು ಪರೀಕ್ಷೆಗೆ ಬಾಯಿಪಾಠ ಮಾಡುವ ಕ್ಸೈಲಂ ಮತ್ತು ಫ್ಲೋಯಂ ಇವಕ್ಕೆ ಎರಡು ಬೇರೆ ಬೇರೆ ಹೋಟೆಲುಗಳಿದ್ದಂತೆ. ಜೀರುಂಡೆ ಕುಡಿಯುವುದು ಕ್ಸೈಲಂನಲ್ಲಿ ಹರಿಯುವ ಸಪ್ಪೆ ನೀರನ್ನು. ಹೇನು, ಶಲ್ಕ ಕೀಟ ಮುಂತಾದವು ಫ್ಲೋಯಂನ ಸಕ್ಕರೆ ರಸ ಕುಡಿಯುತ್ತವೆ. ಆ ರಸದಲ್ಲಿ ಸಕ್ಕರೆ ಬೇಕಾದಷ್ಟು, ಹುಳುವಿಗೆ ಬೇಕಾದ ಸಾರಜನಕ ತೀರಾ ಕಡಿಮೆ. ಸ್ವಲ್ಪ ಸಾರಜನಕಕ್ಕಾಗಿ ತುಂಬಾ ರಸ ಕುಡಿದು ಹೆಚ್ಚಾದ ಸಕ್ಕರೆಯನ್ನು ಹಿಂದಿನಿಂದ ಬಿಡುತ್ತವೆ. ತೇನೆಮಂಚು ಅಂದರೆ ಅದೇ. ಅದರ ಮೇಲೆ ಬೆಳೆಯುವ ಬೂಷ್ಟೇ ಆ ಕಾಡಿಗೆ.

ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ 1904ರಲ್ಲಿ ಪದವಿ ಮುಗಿಸಿ, ಜರ್ಮನಿಯ ಗಟ್ಟಿಂಗೆನ್‌ಗೆ ಹೋಗಿ ಡಾಕ್ಟರೇಟ್ ಪಡೆದರು. ಅಲ್ಲಿ ಅವರ ವಿಷಯ ಹುಳುವೂ ಅಲ್ಲ, ಬೂಷ್ಟೂ ಅಲ್ಲ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುವ ಬಗೆ. 1908ರಲ್ಲಿ ಮೈಸೂರು ಸರ್ಕಾರ ತನ್ನ ಕೃಷಿ ಇಲಾಖೆಗೆ ಗಿಡಗಳ ರೋಗ ಮತ್ತು ಕೀಟ ಎರಡನ್ನೂ ನೋಡಿಕೊಳ್ಳುವ ಒಬ್ಬರನ್ನು ನೇಮಿಸಿಕೊಂಡಿತು. ಹಾಗೆ ಮೂವತ್ತು ವರ್ಷದ ಈ ಯುವಕ ಬೆಂಗಳೂರಿಗೆ ಬಂದರು. ಒಬ್ಬರೇ ಶಿಲೀಂಧ್ರ ತಜ್ಞ, ಒಬ್ಬರೇ ಕೀಟ ತಜ್ಞ. ಇಡೀ ಸಂಸ್ಥಾನಕ್ಕೆ!

ಬಂದ ಕೂಡಲೇ ಎದುರಾದದ್ದು ಮಲೆನಾಡಿನ ಕೊಳೆರೋಗ. ಮಳೆಗಾಲದಲ್ಲಿ ಎಳೆ ಅಡಿಕೆಗಳು ಕೊಳೆತು ಉದುರಿ, ತೋಟದವರು ಸಾಲಗಾರರಾಗುತ್ತಿದ್ದರು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡಿಕೊಳ್ಳುವುದು ಅಲ್ಲಿಯ ಹಳೆಯ ಪದ್ಧತಿ, ಆದರೆ ಅದು ಖರ್ಚಿನ ಕೆಲಸ. ಕೋಲ್ಮನ್ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ಪ್ರಕಟಿಸಿದರು. ಫೈಟಾಪ್ತೊರಾ ಅರೆಕೆ ಎಂಬ ಅದರ ಹೆಸರಿನ ಪಕ್ಕದಲ್ಲಿ ಕೋಲ್ಮನ್ನರ ಹೆಸರೂ ಬರುತ್ತದೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಹೊಡೆಯುತ್ತಿದ್ದ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ತಂದರು. ಆದರೆ ಮಲೆನಾಡಿನ ಮಳೆಗೆ ಅದು ಒಂದೇ ದಿನದಲ್ಲಿ ತೊಳೆದುಹೋದೀತು. ಅದಕ್ಕೆ ರಾಳ ಮತ್ತು ಸೋಡಾ ಸೇರಿಸಿ ಅಂಟಿಕೊಳ್ಳುವಂತೆ ಮಾಡಿದರು. ಇವತ್ತಿಗೂ ಶಿವಮೊಗ್ಗ, ಚಿಕ್ಕಮಗಳೂರಿನ ಕಡೆ ಮಳೆಗಾಲಕ್ಕೆ ಮುಂಚೆ ಮರ ಹತ್ತಿ ಔಷಧಿ ಹೊಡೆಯುತ್ತಾರಲ್ಲ, ಅದು ಅಲ್ಲಿಂದ ಬಂದದ್ದು.

ಬಯಲುಸೀಮೆಯಲ್ಲಿ ಆಗ ಜೋಳದ ಹೊಲಗಳಿಗೆ ರೆಕ್ಕೆಯಿಲ್ಲದ ಒಂದು ಮಿಡತೆ ಬೀಳುತ್ತಿತ್ತು. ಅದನ್ನೂ ಕೋಲ್ಮನ್ನರೇ ನೋಡಬೇಕಾಯಿತು. ವಿಜ್ಞಾನಕ್ಕೆ ಹೊಸದಾಗಿದ್ದ ಆ ಮಿಡತೆಗೆ ಸ್ಪೇನಿನ ತಜ್ಞ ಬೊಲಿವಾರ್ 1910ರಲ್ಲಿ ಕೋಲ್ಮೇನಿಯಾ ಎಂದು ಹೆಸರಿಟ್ಟರು. ಈ ಕೆಲಸದಲ್ಲಿ ಅವರ ಜೊತೆಗಿದ್ದವರು ಕೆ. ಕುಂಞಿ ಕಣ್ಣನ್. 1884ರಲ್ಲಿ ಕಣ್ಣೂರಿನಲ್ಲಿ ಹುಟ್ಟಿ, ಕೋಲ್ಮನ್ನರ ಸಹಾಯಕರಾಗಿ ಇಲಾಖೆಗೆ ಬಂದು, ಮುಂದೆ ಮೈಸೂರಿನ ಮೊದಲ ಭಾರತೀಯ ಕೀಟಶಾಸ್ತ್ರಜ್ಞರಾದವರು. ಮಿಡತೆಯ ಬಗ್ಗೆ ಇಬ್ಬರೂ ಸೇರಿ 1911ರಲ್ಲಿ ಒಂದು ಪುಸ್ತಿಕೆ ಹೊರತಂದರು. ವರ್ಷಕ್ಕೆ ಒಂದೇ ಪೀಳಿಗೆ, ಮೊಟ್ಟೆ ಮಣ್ಣಿನಲ್ಲಿ, ಮುಂಗಾರಿನ ಜೊತೆ ಮರಿ ಹೊರಗೆ, ಹಾರಲು ಬಾರದು. ಹುಳುವಿನ ಜಾತಕ ಇಷ್ಟು ಗೊತ್ತಾದರೆ ಅದನ್ನು ಎಲ್ಲಿ ಹಿಡಿಯಬೇಕೆಂಬುದೂ ಗೊತ್ತಾದಂತೆಯೇ.

ಮಿಡತೆ ಕಡಿದು ತಿನ್ನುತ್ತದೆ. ತಿಂದ ಜಾಗ ಕಾಣುತ್ತದೆ, ಎಲೆಗೆ ವಿಷ ಬಳಿದರೆ ತಿಂದು ಸಾಯುತ್ತದೆ. ಕಾಫಿ ತೋಟದಿಂದ ಬಂದ ದೂರು ಹಾಗಿರಲಿಲ್ಲ.

ನಮ್ಮ ನಾಡಿನ ಕಾಫಿಯ ಕಥೆ ಎಲ್ಲರಿಗೂ ಗೊತ್ತು. ಹಜ್ ಯಾತ್ರೆಯಿಂದ ಮರಳುವಾಗ ಬಾಬಾ ಬುಡನ್ ಅವರು ಯೆಮನ್ನಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂದು ಹೇಳುತ್ತಾರೆ. ಆ ಕಾಫಿಗೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ತೋಟದವರು ಗ್ರೀನ್ ಬಗ್ ಎಂದು ಕರೆಯುತ್ತಿದ್ದ ಹಸಿರು ಶಲ್ಕ ಕೀಟ ಅಂಟಿಕೊಂಡಿತು. ಪಕ್ಕದ ಸಿಂಹಳದಲ್ಲಿ 1882ರಲ್ಲಿ ಕಾಣಿಸಿಕೊಂಡಿದ್ದ ಹುಳು ಇದು. ಅಲ್ಲಿ ಎಲೆತುಕ್ಕು ರೋಗ 1869ರಿಂದಲೇ ಕಾಫಿಯನ್ನು ಮುರಿದು ಹಾಕಿತ್ತು. ಉಳಿದದ್ದನ್ನು ಈ ಹುಳು ಹೀರಿತು. ಸಿಂಹಳದವರು ಕಾಫಿ ಕಿತ್ತು ಚಹಾ ನೆಟ್ಟರು. ಮೈಸೂರಿನ ತೋಟದವರ ಕಣ್ಣ ಮುಂದೆ ಇದ್ದದ್ದು ಆ ಉದಾಹರಣೆ. ಇಂಥ ಹುಳುವನ್ನು ಕಂಡು ಅವರು ಹೆದರಿದ್ದರೆ ಆಶ್ಚರ್ಯವೇನು?

ಹುಳು ಅನ್ನುವುದಕ್ಕೂ ಅದು ನಾಲಾಯಕ್ಕು. ಕಾಲು ಕಾಣುವುದಿಲ್ಲ, ತಲೆ ಕಾಣುವುದಿಲ್ಲ. ಎಲೆಯ ಹಿಂಬದಿಯ ನರದ ಉದ್ದಕ್ಕೂ ಸಾಲಾಗಿ ಅಂಟಿಕೊಂಡ, ಹಸಿರು ಬಣ್ಣದ ಚಪ್ಪಟೆ ಹೊಟ್ಟು. ಆದರೆ ಅದರ ಬದುಕು ಒಂದು ಅದ್ಭುತ. ಗಂಡಿನ ಹಂಗಿಲ್ಲದೆ ಹೆಣ್ಣೇ ಮರಿ ಹಾಕುತ್ತದೆ. ಮೊಟ್ಟೆಗಳು ತಾಯಿಯ ಮೈಯಡಿಯಲ್ಲೇ ಕೆಲವೇ ಗಂಟೆಗಳಲ್ಲಿ ಒಡೆಯುತ್ತವೆ. ಹೊರಬಂದ ಮರಿ ಒಳ್ಳೆಯ ಜಾಗ ಸಿಗುವವರೆಗೆ ಸ್ವಲ್ಪ ಹೊತ್ತು ಹರಿದಾಡಿ, ಸೂಜಿ ಚುಚ್ಚಿ ಕೂತರೆ ಮತ್ತೆ ಹೆಚ್ಚು ಅಲುಗಾಡುವುದಿಲ್ಲ. ಅದು ಬಿಡುವ ಸಿಹಿಗೆ ಇರುವೆಗಳು ಬರುತ್ತವೆ. ಇರುವೆಗಳು ಸಿಹಿ ನೆಕ್ಕಿ ಸುಮ್ಮನೆ ಹೋಗುವುದಿಲ್ಲ. ಹುಳುವನ್ನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನು, ಅದರ ಮೈಯಲ್ಲಿ ಮೊಟ್ಟೆಯಿಡಲು ಬರುವ ಪುಟ್ಟ ಕಣಜಗಳನ್ನು ಓಡಿಸುತ್ತವೆ. ಹಾಲು ಕರೆಯುವ ಹಸುವನ್ನು ನಾವು ಕಾಯುವ ಹಾಗೆ.

ಕೋಲ್ಮನ್ ಮತ್ತು ಕುಂಞಿ ಕಣ್ಣನ್ ಇದನ್ನು ಕೈಗೆತ್ತಿಕೊಂಡರು. 1913ರಲ್ಲಿ ಕೋಲ್ಮನ್ ಇಡೀ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಕಡತ, ಬಜೆಟ್, ಶಾಲೆ, ಪ್ರಯೋಗ ಕ್ಷೇತ್ರ ಎಲ್ಲವೂ ಮೇಲೆ ಬಿದ್ದ ಮೇಲೆಯೂ ಅವರು ಹುಳುವನ್ನು ಬಿಡಲಿಲ್ಲ ಎಂಬುದು ನನಗೆ ತುಂಬಾ ಹಿಡಿಸಿದ ಸಂಗತಿ. ದೊಡ್ಡ ಹುದ್ದೆ ಸಿಕ್ಕ ಕೂಡಲೇ ಸೂಕ್ಷ್ಮದರ್ಶಕಕ್ಕೆ ಬಟ್ಟೆ ಮುಚ್ಚುವವರೇ ಹೆಚ್ಚಲ್ಲವೇ? ದಕ್ಷಿಣ ಭಾರತದ ಕಾಫಿಗೆ ಬೀಳುವ ಶಲ್ಕ ಕೀಟಗಳ ಬಗ್ಗೆ ಇಬ್ಬರೂ ಸೇರಿ ಬರೆದ ಪುಸ್ತಿಕೆ 1918ರಲ್ಲಿ ಇಲಾಖೆಯ ಕೀಟಶಾಸ್ತ್ರ ಮಾಲೆಯ ನಾಲ್ಕನೆಯದಾಗಿ ಬಂತು.

ಇಂಥ ಹುಳುವಿನ ವಿಷಯದಲ್ಲಿ ಮಿಡತೆಯ ಉಪಾಯ ನಡೆಯದು. ಹೊಟ್ಟೆಗೆ ವಿಷ ಹೋಗುವಂತಿಲ್ಲ, ಮೈಗೇ ತಾಗಬೇಕು. ಆ ಕಾಲದಲ್ಲಿ ಅದಕ್ಕೆ ಇದ್ದದ್ದು ಸಾಬೂನು ಮತ್ತು ಎಣ್ಣೆ ಕಲಸಿದ ನೀರು, ಮೀನೆಣ್ಣೆಯ ಸಾಬೂನು ಇತ್ಯಾದಿ. ಅದು ಹುಳುವಿನ ಮೈ ಮುಚ್ಚಿ ಉಸಿರುಗಟ್ಟಿಸುತ್ತದೆ. ಆದರೆ ಹುಳು ಇರುವುದು ಎಲೆಯ ಹಿಂಬದಿಯಲ್ಲಿ, ಮೇಲಿನಿಂದ ಸುರಿದರೆ ಪ್ರಯೋಜನವಿಲ್ಲ, ಕೆಳಗಿನಿಂದ ಮೇಲಕ್ಕೆ ಹೊಡೆಯಬೇಕು. ಇನ್ನೊಂದು ದಾರಿ ಇರುವೆಗಳನ್ನು ತಡೆಯುವುದು. ಇರುವೆ ಗಿಡ ಹತ್ತದಿದ್ದರೆ ಗುಲಗಂಜಿ ಹುಳುಗಳೇ ಅರ್ಧ ಕೆಲಸ ಮಾಡುತ್ತವೆ. ಮೂರನೆಯದನ್ನು ಮಳೆಯೇ ಮಾಡುತ್ತದೆ. ಮುಂಗಾರಿನ ತೇವದಲ್ಲಿ ಒಂದು ಬಿಳಿ ಬೂಷ್ಟು ಈ ಹುಳುಗಳ ಮೈಮೇಲೆ ಬೆಳೆದು ಅವನ್ನು ಕೊಲ್ಲುತ್ತದೆ. ಸತ್ತ ಹುಳುವಿನ ಸುತ್ತ ಹತ್ತಿಯ ಉಂಗುರದಂತೆ ಕಾಣುತ್ತದೆ. ಒಣ ತಿಂಗಳುಗಳಲ್ಲಿ ಹುಳು ಮತ್ತೆ ಚಿಗುರುತ್ತದೆ. ಇವತ್ತು ಅಂಗಡಿಯಲ್ಲಿ ಲೆಕಾನಿಸಿಲಿಯಂ ಎಂದು ಪ್ಯಾಕೆಟ್ಟಿನಲ್ಲಿ ಸಿಗುವ ಜೈವಿಕ ಔಷಧಿ ಇದೇ ಬೂಷ್ಟಿನ ಬಳಗದ್ದು.

ಇಲ್ಲಿ ಒಂದು ತಪ್ಪಿನ ಕಥೆಯನ್ನೂ ಹೇಳಬೇಕು. ಅದೇ 1918ರಲ್ಲಿ ಕುಂಞಿ ಕಣ್ಣನ್ ಲಂಡನ್ನಿನ ಕೀಟಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಹಸಿರು ಶಲ್ಕ ಕೀಟ ಸೀಬೆ ಮುಂತಾದ ಗಿಡಗಳ ಮೇಲಿರುವ ಪುಲ್ವಿನೇರಿಯಾ ಎಂಬ ಇನ್ನೊಂದು ಹುಳುವಿನಿಂದ ಒಂದೇ ನೆಗೆತದಲ್ಲಿ ಹುಟ್ಟಿದ ಮ್ಯುಟೆಂಟ್ ಎಂಬುದು ಅವರ ವಾದ. ನಾವು ದ್ವಿತೀಯ ಪಿಯುಸಿಯಲ್ಲಿ ಓದುವ ಹ್ಯೂಗೊ ಡಿ ವ್ರೀಸ್ ನೆನಪಿದ್ದಾರೆಯೇ? ವಿಕಾಸ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಅಲ್ಲ, ದೊಡ್ಡ ನೆಗೆತಗಳಲ್ಲಿ ಆಗುತ್ತದೆ ಎಂದ ಅವರ ಸಿದ್ಧಾಂತ ಆಗ ಬಿಸಿಬಿಸಿಯಾಗಿತ್ತು. ಮೈಸೂರಿನ ಒಬ್ಬ ಯುವ ಸಂಶೋಧಕ ಅದನ್ನು ಕಾಫಿ ಎಲೆಯ ಮೇಲೆ ಕಂಡೆನೆಂದುಕೊಂಡರು. ಈಗ ಅವೆರಡೂ ಬೇರೆ ಬೇರೆ ಜಾತಿಗಳೆಂದೇ ಎಣಿಸಲಾಗಿದೆ. ಆದರೂ ನನಗೆ ಆ ಲೇಖನದ ಬಗ್ಗೆ ಗೌರವವಿದೆ. ಯುರೋಪಿನ ದೊಡ್ಡ ಚರ್ಚೆಯೊಳಗೆ ಮಲೆನಾಡಿನ ಒಂದು ಹೊಟ್ಟಿನಂಥ ಹುಳುವನ್ನು ಹಿಡಿದುಕೊಂಡು ಹೋಗುವ ಧೈರ್ಯ ಸಣ್ಣದಲ್ಲ. ಅವರು ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದು ಬಂದರು. 1931ರಲ್ಲಿ ತೀರಿಕೊಂಡಾಗ ಅವರಿಗೆ ಐವತ್ತೂ ಆಗಿರಲಿಲ್ಲ.

ಕೋಲ್ಮನ್ನರ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಶ್ರೀಗಂಧದ ಸ್ಪೈಕ್ ರೋಗ. ಟಿಪ್ಪು ಸುಲ್ತಾನರ ಕಾಲದಿಂದ ಗಂಧ ರಾಜವೃಕ್ಷ. ಯಾರ ಹೊಲದಲ್ಲಿ ಬೆಳೆದರೂ ಆಗ ಸರ್ಕಾರದ್ದೇ ಆಗಿತ್ತು. ಸಂಸ್ಥಾನದ ಬೊಕ್ಕಸಕ್ಕೆ ಅದರಿಂದ ದೊಡ್ಡ ಆದಾಯ. 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಈ ರೋಗ ಮೈಸೂರಿನ ಕಾಡುಗಳಿಗೂ ಹಬ್ಬಿತು. ಎಲೆಗಳು ವರ್ಷದಿಂದ ವರ್ಷಕ್ಕೆ ಚಿಕ್ಕದಾಗಿ, ಕೊನೆಗೆ ಮುಳ್ಳಿನಂತೆ ನೆಟ್ಟಗೆ ನಿಲ್ಲುತ್ತವೆ, ಎರಡು ಮೂರು ವರ್ಷಗಳಲ್ಲಿ ಮರ ಸಾಯುತ್ತದೆ. ಬೂಷ್ಟಿಲ್ಲ, ಬ್ಯಾಕ್ಟೀರಿಯಾ ಸಿಗುವುದಿಲ್ಲ, ಕೊರೆದ ತೂತಿಲ್ಲ, ಕಡಿದ ಗುರುತಿಲ್ಲ. ಮಣ್ಣು ಕೆಟ್ಟಿರಬಹುದು, ಬೆಂಕಿ ಬಿದ್ದಿರಬಹುದು, ಗಂಧದ ಬೇರು ಹೀರಿಕೊಳ್ಳುವ ಪಕ್ಕದ ಗಿಡ ಸತ್ತಿರಬಹುದು ಎಂದು ಬಗೆಬಗೆಯ ಊಹೆಗಳು. ಕೋಲ್ಮನ್ ಊಹೆಗೆ ಹೋಗಲಿಲ್ಲ. ರೋಗದ ಮರದ ಕೊಂಬೆಯನ್ನು ಒಳ್ಳೆಯ ಗಿಡಕ್ಕೆ ಕಸಿ ಕಟ್ಟಿದರು. ಒಳ್ಳೆಯ ಗಿಡಕ್ಕೂ ರೋಗ ಬಂತು. 1917ರ ಅವರ ಪುಸ್ತಿಕೆ ಇದನ್ನು ತೋರಿಸಿಕೊಟ್ಟಿತು. ಇದು ಅಂಟುರೋಗ, ರಸದ ಮೂಲಕ ದಾಟುತ್ತದೆ.

ಹಾಗಾದರೆ ಕಾಡಿನಲ್ಲಿ ಕಸಿ ಕಟ್ಟುವವರು ಯಾರು? ಒಂದು ಮರದ ರಸವನ್ನು ಇನ್ನೊಂದಕ್ಕೆ ಒಯ್ಯುವವರು ಯಾರು? ನೀವು ಊಹಿಸಿರಬಹುದು. ಸೂಜಿಬಾಯಿಯವು. 1930ರ ಮತ್ತು 40ರ ದಶಕಗಳಲ್ಲಿ ಸಂಶೋಧಕರು ಗಂಧದ ಮರದ ಮೇಲಿನ ಜಿಗಿಹುಳುಗಳನ್ನು ಬಲೆಯೊಳಗಿಟ್ಟು ಪ್ರಯೋಗ ಮಾಡಿ, ಜೀರುಂಡೆಯ ನೆಂಟರಾದ ಎಲೆ ಜಿಗಿಹುಳುಗಳ ಕಡೆಗೆ ಬೆರಳು ತೋರಿಸಿದರು. ಇಷ್ಟಾದರೂ ರೋಗದ ಮೂಲಜೀವಿ ಯಾರಿಗೂ ಕಂಡಿರಲಿಲ್ಲ. ವೈರಸ್ ಎಂದೇ ಬಹುಕಾಲ ನಂಬಿದ್ದರು. 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ರೋಗದ ಮರದ ಫ್ಲೋಯಂನೊಳಗೆ ಕೋಶಭಿತ್ತಿಯೇ ಇಲ್ಲದ ಅತಿ ಸಣ್ಣ ಜೀವಿಗಳು ಸಿಕ್ಕವು. ಈಗ ಅವನ್ನು ಫೈಟೊಪ್ಲಾಸ್ಮಾ ಎನ್ನುತ್ತಾರೆ. ಕೋಲ್ಮನ್ ಅಷ್ಟರಲ್ಲಿ ತೀರಿಕೊಂಡು ಹದಿನೈದು ವರ್ಷ ಆಗಿತ್ತು.

ಇದೇನು ದೂರದ ಕಾಡಿನ ಮಾತು ಎಂದುಕೊಳ್ಳಬೇಡಿ. ನಮ್ಮ ಬದನೆ ತೋಟದಲ್ಲಿ ಎಲೆ ಚಿಕ್ಕದಾಗಿ, ಕಾಯಿ ಬಿಡದೆ ಗಿಡ ಪೊದೆಯಾಗುವ ಕಿರುಎಲೆ ರೋಗ ಇದೆಯಲ್ಲ, ಅದೂ ಫೈಟೊಪ್ಲಾಸ್ಮಾ, ಅದನ್ನು ಹೊರುವುದೂ ಒಂದು ಜಿಗಿಹುಳು. ಕೋಲಾರದ ಟೊಮೆಟೊಗೆ ಬರುವ ಎಲೆ ಮುದುರು ರೋಗ ವೈರಸ್ಸಿನದು, ಹೊರುವುದು ಬಿಳಿನೊಣ. ರೋಗ ಬಂದ ಗಿಡಕ್ಕೆ ಔಷಧಿ ಹೊಡೆಯುತ್ತಾ ಕೂತರೆ ಆಗುವುದಿಲ್ಲ. ಹೊತ್ತು ತರುವವನನ್ನು ತಡೆಯಬೇಕು, ರೋಗದ ಗಿಡವನ್ನು ಕಿತ್ತು ಹಾಕಬೇಕು.

ರಸ ಹೀರುವ ಹುಳುಗಳೆಲ್ಲ ಶತ್ರುಗಳೂ ಅಲ್ಲ. ನಮ್ಮ ಊರುಗಳ ಹಿರಿಯರಿಗೆ ಬೇಲಿಗಳಲ್ಲಿ, ಹಾಳು ಬಿದ್ದ ಭೂಮಿಯಲ್ಲಿ ಬೆಳೆಯುವ ಪಾಪಸುಕಳ್ಳಿ ಚೆನ್ನಾಗಿ ಗೊತ್ತು. ಅಮೆರಿಕ ಖಂಡದಿಂದ ಬಂದ ಈ ಕಳ್ಳಿ ದಕ್ಷಿಣ ಭಾರತದ ಎಷ್ಟೋ ಜಮೀನನ್ನು ನುಂಗಿತ್ತು. ಅದರ ಮೇಲೆ ಬಿಳಿ ಹತ್ತಿಯಂತೆ ಅಂಟಿಕೊಂಡು, ಹಿಸುಕಿದರೆ ರಕ್ತದಂಥ ಕೆಂಪು ಬಿಡುವ ಹುಳು ಕಾಕಿನೀಲ್. ಇದೂ ಶಲ್ಕ ಕೀಟಗಳ ಬಳಗದ್ದೇ. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕೆಂಪು ಬಣ್ಣದ ವ್ಯಾಪಾರದ ಆಸೆಗೆ ಬ್ರೆಜಿಲ್‌ನಿಂದ ಒಂದು ಕಾಕಿನೀಲನ್ನು ತಂದರು. ತಂದದ್ದು ತಪ್ಪು ಜಾತಿ. ಬಣ್ಣ ಚೆನ್ನಾಗಿ ಬರಲಿಲ್ಲ, ಆದರೆ ಅದು ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸಿತು. ಇನ್ನೊಂದು ಜಾತಿಯ ಕಳ್ಳಿಯನ್ನು ಮಾತ್ರ ಮುಟ್ಟಲಿಲ್ಲ. 1926ರಲ್ಲಿ ಸಿಂಹಳದಿಂದ ಬೇರೆ ಜಾತಿಯ ಕಾಕಿನೀಲನ್ನು ತಂದು ಬಿಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ಆ ಕಳ್ಳಿಯೂ ಮಲಗಿತು.

ಕೋಲ್ಮನ್ನರ ಉಳಿದ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ, ಅವುಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. 1918ರಲ್ಲಿ ಮೈಸೂರು ಕೃಷಿ ಮತ್ತು ಪ್ರಾಯೋಗಿಕ ಸಂಘ ಕಟ್ಟಿದರು. ರೈತರೇ ತಮ್ಮ ಹೊಲದಲ್ಲಿ ಹೊಸ ತಳಿ, ಹೊಸ ನೇಗಿಲು ಪರೀಕ್ಷಿಸಿ ನೋಡಲಿ ಎಂಬುದು ಅದರ ಉದ್ದೇಶ. ಅವರ ಹುಟ್ಟೂರಿನ ಪ್ರಾಂತ್ಯದಲ್ಲಿ ಅಂಥದೊಂದು ಸಂಘ ಮೊದಲೇ ಇತ್ತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯಿತು, ಅದೇ ಈಗಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ ಮಂಡ್ಯಕ್ಕೆ ಕಾಲುವೆ ನೀರು ಬಂದಾಗ, ಆ ನೀರಿನಲ್ಲಿ ಏನು ಬೆಳೆಯಬೇಕೆಂದು ನೋಡಲು ಪ್ರಯೋಗ ಕ್ಷೇತ್ರ ತೆರೆದರು. ಬೆಳೆದ ಕಬ್ಬಿಗೆ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು.

ಅಲ್ಲಿಗೆ ಹೋಗಿ ವಿಶ್ರಾಂತಿ ತೆಗೆದುಕೊಂಡರೇ? ಇಲ್ಲ. ಮತ್ತೆ ಮಿಡತೆಗಳನ್ನು ಹಿಡಿದರು. ಈ ಸಲ ಓಡಿಸುವುದಕ್ಕಲ್ಲ, ಅವುಗಳ ಕ್ರೋಮೋಸೋಮುಗಳ ರಚನೆ ನೋಡುವುದಕ್ಕೆ. ಅರವತ್ತು ದಾಟಿದ ಮೇಲೆ, 1943ರಲ್ಲಿ ಮತ್ತು 1948ರಲ್ಲಿ, ಅಮೆರಿಕದ ಜೆನೆಟಿಕ್ಸ್ ಪತ್ರಿಕೆಯಲ್ಲಿ ಅವರ ಲೇಖನಗಳು ಬಂದವು. ಇಲ್ಲಿದ್ದ ಇಪ್ಪತ್ತಾರು ವರ್ಷಗಳಲ್ಲಿ ಬಹುಪಾಲು ಕಚೇರಿಯ ಕುರ್ಚಿಯಲ್ಲಿ ಕಳೆದವರು ಕೊನೆಗೆ ತಮ್ಮ ಸೂಕ್ಷ್ಮದರ್ಶಕಕ್ಕೆ ಮರಳಿದರು ಅನ್ನಿಸುತ್ತದೆ. 1954ರಲ್ಲಿ ಕೋಲ್ಮನ್ ನಿಧನರಾದರು.

ಮಾವಿನ ಜಿಗಿಹುಳುವಿನ ವಿಷಯಕ್ಕೆ ಬರುತ್ತೇನೆ. ಹೂವಿಲ್ಲದ ಕಾಲದಲ್ಲಿ ಅದು ಎಲ್ಲಿರುತ್ತದೆ ಎಂದು ಮೇಡಂ ಕೇಳಿದಾಗ ತರಗತಿಯಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ, ತೋಪಿನವರ ಮಕ್ಕಳಾದ ನಮಗೂ. ಅದು ಎಲ್ಲಿಗೂ ಹೋಗುವುದಿಲ್ಲ. ಅದೇ ಮರದ ಕಾಂಡದ ತೊಗಟೆ ಸೀಳುಗಳಲ್ಲಿ ಅಡಗಿ ಕೂತಿರುತ್ತದೆ. ಹೂಗೊಂಚಲು ಹೊರಟ ಕೂಡಲೇ ಮೇಲೆ ಹೋಗಿ ಅದರ ದಂಟಿನೊಳಗೆ ಮೊಟ್ಟೆಯಿಡುತ್ತದೆ. ಒತ್ತಾಗಿ ಬೆಳೆದು ನೆಲಕ್ಕೆ ಬಿಸಿಲು ಬೀಳದ ತೋಪುಗಳಲ್ಲಿ ಅದರ ಕಾಟ ಹೆಚ್ಚು. ಹೂವು ಪೂರ್ತಿ ಅರಳಿದ ಮೇಲೆ ಔಷಧಿ ಹೊಡೆದರೆ ಸಾಯುವವು ಜೇನುನೊಣ ಮತ್ತು ಪರಾಗ ಒಯ್ಯುವ ನೊಣಗಳು.

ಈ ಡಿಸೆಂಬರಿನಲ್ಲಿ ಅಬ್ಬಾ ಹೊಸ ತೋಪಿನ ಗುತ್ತಿಗೆ ಮಾತಾಡಲು ಹೋದಾಗ ನಾನೂ ಜೊತೆಗೆ ಹೋಗಿದ್ದೆ. ಹಿಂದೆಲ್ಲ ಅವರು ಕೊಂಬೆಯ ತುದಿಯ ಮೊಗ್ಗು ನೋಡಿ ಬೆಲೆ ಹೇಳುತ್ತಿದ್ದರು. ಈ ಸಲ ಮೊಬೈಲಿನ ಟಾರ್ಚ್ ಹಾಕಿಕೊಂಡು, ಹತ್ತು ಹನ್ನೆರಡು ಮರಗಳ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ತೊಗಟೆಯ ಸೀಳುಗಳನ್ನು ಒಂದೊಂದಾಗಿ ಇಣುಕಿ ನೋಡಿದರು. ತೋಟದ ಯಜಮಾನರಿಗೆ ಇದೇನೆಂದು ಅರ್ಥವಾಗಲಿಲ್ಲ. ಆರನೇ ಮರದಲ್ಲಿ ಕಂಡವು, ಒಂದರ ಪಕ್ಕ ಒಂದು ಒತ್ತಿಕೊಂಡು, ಬೆಳಕಿಗೆ ಓರೆಯಾಗಿ ಸರಿಯುತ್ತಿದ್ದವು. ಬೆಲೆ ಕುದುರಲು ಇನ್ನೂ ಒಂದು ವಾರ ಹಿಡಿಯಿತು.